ಸ್ವೀಡನ್ನಿನಲ್ಲಿ ಸಾವಕ್ಕನ ಮೆಲುಕು

ನರಗುಂದ

ನಾನು ಸ್ವೀಡನ್ನಿಗೆ ಹೋದದ್ದು ಆಡಿನ ಹಿಕ್ಕೆ ಹೊತ್ತುಕೊಂಡು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪರದೇಶಕ್ಕೆ ಹೋಗಿ ಬಂದವರು ಹಿಮ, ಸರೋವರ, ಅರಮನೆ ಎಂದು ಕತೆ ಶುರು ಮಾಡುತ್ತಾರೆ. ಅವೆಲ್ಲ ಅಲ್ಲಿದ್ದವು, ನಾನೂ ಬಸ್ಸಿನ ಕಿಟಕಿಯಿಂದ ಕಂಡೆ. ಆದರೆ ನನ್ನ ಪ್ರವಾಸ ನಡೆದದ್ದು ಒಂದು ಪ್ರಯೋಗಾಲಯದಲ್ಲಿ, ಒಂದು ದನದ ಕೊಟ್ಟಿಗೆಯಲ್ಲಿ ಮತ್ತು ಬಹುಪಾಲು ಒಂದು ಜಗಳದಲ್ಲಿ. ಆ ಊರಿನ ಹೆಸರು ಬರೆಯುವುದಿಲ್ಲ. ಜಗಳವಾಡಿ ಬಂದ ಮನೆಯ ವಿಳಾಸ ಹಂಚುತ್ತ ತಿರುಗುವುದು ನನಗೆ ಸರಿಬರುವುದಿಲ್ಲ.

ನಾನು ಪಶುವೈದ್ಯೆ. ಸಾಕುಪ್ರಾಣಿಗಳಿಗೆ ಅಂಟುವ ರೋಗಗಳು, ಅವುಗಳ ಹೊಟ್ಟೆಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು, ಇವು ನನ್ನ ಸಂಶೋಧನೆಯ ವಿಷಯ. ನಮ್ಮ ಕಡೆ ಆಡಿನ ಮರಿಗಳು ಭೇದಿ ಹತ್ತಿ ಸಾಯುತ್ತವೆ. ಕೆಲವು ಉಳಿಯುತ್ತವೆ. ಉಳಿದವುಗಳ ಹೊಟ್ಟೆಯಲ್ಲಿ ಏನಿತ್ತು, ಸತ್ತವುಗಳ ಹೊಟ್ಟೆಗೆ ಏನು ಹೊಕ್ಕಿತು ಎಂದು ತಿಳಿಯಲು ಎರಡು ಊರುಗಳನ್ನು ಆರಿಸಿಕೊಂಡಿದ್ದೆ. ಒಂದು ಗಜೇಂದ್ರಗಡದ ಹತ್ತಿರದ ಲಕ್ಕಲಕಟ್ಟಿ. ಅಲ್ಲಿ ಆಡುಗಳು ಗುಡ್ಡಕ್ಕೆ ಹೋಗಿ ಕಂಟಿ, ಪೊದೆ ಮೇಯುತ್ತವೆ. ಇನ್ನೊಂದು ರೋಣ ತಾಲೂಕಿನ ಅಬ್ಬಿಗೇರಿ. ಅಲ್ಲಿ ಕಪ್ಪು ಮಣ್ಣಿನ ಎರಿ ಹೊಲದವರು ಆಡನ್ನು ಮನೆ ಮುಂದೆ ಗೂಟಕ್ಕೆ ಕಟ್ಟಿ ಕಡಲೆ ಹೊಟ್ಟು, ಶೇಂಗಾ ಬಳ್ಳಿ ಹಾಕುತ್ತಾರೆ. ಮೇವು ಬೇರೆ, ನೀರು ಬೇರೆ, ಆದ್ದರಿಂದ ಹೊಟ್ಟೆಯೊಳಗಿನ ಸಂಸಾರವೂ ಬೇರೆ ಇರಬೇಕು. ಮನೆಮನೆಗೆ ಹೋಗಿ ಆಡುಗಳ ಜೊಲ್ಲನ್ನೂ ಹಿಕ್ಕೆಯನ್ನೂ ಸಣ್ಣ ಸಣ್ಣ ಕೊಳವೆಗಳಲ್ಲಿ ತುಂಬಿದೆ. ಒದೆ ತಿಂದೆ, ಕಚ್ಚಿಸಿಕೊಂಡೆ, ಒಂದು ಹೋತ ನನ್ನ ಓಢಣಿಯ ಅರ್ಧವನ್ನು ನುಂಗಿಯೇ ಬಿಟ್ಟಿತು.

ಸ್ವೀಡನ್ನಿನ ಪ್ರಯೋಗಾಲಯವೊಂದು ಈ ಕೊಳವೆಗಳನ್ನು ತನ್ನ ಯಂತ್ರಗಳಲ್ಲಿ ಓದಿಕೊಡಲು ಒಪ್ಪಿತ್ತು. ಮೊದಲ ಕಂತನ್ನು ಆಗಲೇ ಕಳಿಸಿದ್ದೆ. ಉಳಿದದ್ದನ್ನು ನಾನೇ ಒಯ್ಯಬೇಕಾಗಿತ್ತು. ನರಗುಂದದ ಧಾನ್ಯ ಪ್ಯಾಟಿಯಲ್ಲಿ ನಮ್ಮ ಅಪ್ಪನದು ತಕ್ಕಡಿ ರಿಪೇರಿ ಅಂಗಡಿ. ಸುದ್ದಿ ಅಲ್ಲಿಂದಲೇ ಹರಡಿತು. ಜೋಳದ ವ್ಯಾಪಾರಿಯೊಬ್ಬರು ನನ್ನನ್ನು ರಸ್ತೆಯಲ್ಲೇ ನಿಲ್ಲಿಸಿದರು.

"ಏನ್ ಶಮೀಮ್, ಹಿಕ್ಕಿ ನೋಡಾಕ ಅಷ್ಟು ದೂರ ಹೊಂಟೀಯಂತಲ್ಲ? ನಮ್ಮ ಹಿತ್ತಲದಾಗ ಬೇಕಾದಷ್ಟು ಬಿದ್ದೈತಿ. ಬಾ, ಕುರ್ಚಿ ಹಾಕಿ ಕೊಡ್ತೀನಿ. ನೋಡಕೋತ ಕುಂದರು."

ನಾನೂ ಬಿಡಲಿಲ್ಲ. "ಚಾ ಕುಡಸೂದಾದ್ರ ಬರ್ತೀನ್ರಿ ಕಾಕಾ" ಎಂದೆ. ಅವರು ಚಹಾ ಕುಡಿಸಿದರು ಕೂಡ.

ವಿಮಾನ ನಿಲ್ದಾಣದ ಮೇಜು

ಅಮ್ಮ ಕಟ್ಟಿಕೊಟ್ಟ ಬುತ್ತಿಯಲ್ಲಿ ಕಟಿರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಮತ್ತು ಮನೆಯಲ್ಲಿ ಕಾಸಿದ ಎಮ್ಮೆ ತುಪ್ಪದ ಡಬ್ಬಿ ಇದ್ದವು. ಇನ್ನೊಂದು ಕೈಯಲ್ಲಿ ಒಣ ಮಂಜುಗಡ್ಡೆ ತುಂಬಿದ ಪೆಟ್ಟಿಗೆ, ಅದರೊಳಗೆ ಕೊಳವೆಗಳು. ಸ್ವೀಡನ್ನಿನಲ್ಲಿ ಇಳಿದಾಗ ಸುಂಕದ ಮೇಜಿನ ಹಿಂದೆ ನೀಲಿ ಕೈಗವಸು ಹಾಕಿದ ಹುಡುಗಿಯೊಬ್ಬಳು ನಿಂತಿದ್ದಳು. ಪೆಟ್ಟಿಗೆಯನ್ನು ತೋರಿಸಿ ಏನಿದು ಎಂದು ಕೇಳಿದಳು. ಆಡಿನ ಹಿಕ್ಕೆ ಎಂದೆ. ಪರವಾನಗಿ ನೋಡಿದಳು, ಮುಗುಳ್ನಕ್ಕಳು, ಮುಂದೆ ಸರಿಸಿದಳು.

ಆಮೇಲೆ ತುಪ್ಪದ ಡಬ್ಬಿ ಕಣ್ಣಿಗೆ ಬಿತ್ತು. ಅವಳ ಮುಖ ಗಂಭೀರವಾಯಿತು. ಹೊರದೇಶದ ಹಾಲಿನ ಪದಾರ್ಥ ಒಳಗೆ ಬರುವಂತಿಲ್ಲ, ಅದರಿಂದ ದನಗಳ ರೋಗ ಬರಬಹುದು ಎಂದಳು. ನಿಯಮ ನನಗೆ ಗೊತ್ತಿತ್ತು. ಗೊತ್ತಿದ್ದರೂ ತಂದಿದ್ದೆ, ಏಕೆಂದರೆ ನಮ್ಮ ಅಮ್ಮನಿಗೆ ನಿಯಮ ಹೇಳುವ ಧೈರ್ಯ ನನಗಿರಲಿಲ್ಲ. ಕಾಸಿದ ತುಪ್ಪದಲ್ಲಿ ಯಾವ ರೋಗಾಣು ಬದುಕುತ್ತದಮ್ಮ ಎಂದು ವಾದಕ್ಕೆ ನಿಂತೆ. ಹುಡುಗಿ ನಗುನಗುತ್ತಲೇ ಡಬ್ಬಿಯನ್ನು ಎತ್ತಿ ಕಸದ ತೊಟ್ಟಿಗೆ ಹಾಕಿದಳು. ಹಿಕ್ಕೆ ಪಾಸಾಯಿತು, ತುಪ್ಪ ಫೇಲಾಯಿತು. ಅಮ್ಮನಿಗೆ ಇಂದಿನವರೆಗೂ ಹೇಳಿಲ್ಲ. ಈ ಬರಹವನ್ನು ಅವಳಿಗೆ ಯಾರೂ ಓದಿ ಹೇಳಬಾರದಾಗಿ ವಿನಂತಿ.

ಚುಕ್ಕೆಗಳ ಗುಂಪು

ಆ ದೇಶದವರಿಗೆ ಕಾಫಿಯೆಂದರೆ ಒಂದು ವ್ರತ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಕೆಲಸ ಎಲ್ಲಿರುತ್ತದೋ ಅಲ್ಲೇ ಬಿಟ್ಟು ಎಲ್ಲರೂ ಒಂದು ಕೋಣೆಗೆ ಬರುತ್ತಾರೆ. ದಾಲ್ಚಿನ್ನಿ ಹಾಕಿದ ಸುರುಳಿ ರೊಟ್ಟಿ ತಿನ್ನುತ್ತಾರೆ. ಆಗ ಕೆಲಸದ ಮಾತು ಆಡುವಂತಿಲ್ಲ. ಹವಾಮಾನ, ನಾಯಿ, ಕಾಡಿನಲ್ಲಿ ಸಿಕ್ಕ ಅಣಬೆ, ಇಷ್ಟೇ. ಬಸ್ಸಿನಲ್ಲಂತೂ ಯಾರೂ ಯಾರ ಪಕ್ಕದಲ್ಲೂ ಕೂರುವುದಿಲ್ಲ. ನಾನು ಮೊದಲ ದಿನ ಅಭ್ಯಾಸಬಲದಿಂದ ಒಬ್ಬ ಅಜ್ಜಿಯ ಪಕ್ಕ ಕೂತು ಎಲ್ಲಿಗೆ ಹೊರಟಿರಿ ಎಂದು ಕೇಳಿದೆ. ಆಕೆ ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟಳು. ಅದು ಅವಳ ನಿಲ್ದಾಣವೇ ಆಗಿತ್ತೆಂದು ಇವತ್ತಿಗೂ ನಂಬಿಕೊಂಡಿದ್ದೇನೆ.

ಪ್ರಯೋಗಾಲಯದ ಮುಖ್ಯಸ್ಥೆ ಪ್ರೊಫೆಸರ್ ಆನಿಕಾ. ಎತ್ತರದ ಹೆಂಗಸು, ಬೆಳ್ಳಿ ಕೂದಲು, ಒಳಗೆ ಕಾಲುಚೀಲದಲ್ಲೇ ಓಡಾಡುವವರು. ನನ್ನನ್ನು ಬಹಳ ಪ್ರೀತಿಯಿಂದ ಬರಮಾಡಿಕೊಂಡಿದ್ದರು. ಹಾಗಾಗಿ ಒಂದು ದಿನ ಕಾಫಿಯಾದ ಮೇಲೆ ಸಭೆಯ ಕೋಣೆಗೆ ಕರೆದಾಗ ಏನೂ ಅನುಮಾನ ಬರಲಿಲ್ಲ. ಅಲ್ಲಿ ಅವರ ತಂಡದವರೆಲ್ಲ ಕೂತಿದ್ದರು. ಗೋಡೆಯ ಪರದೆಯ ಮೇಲೆ ಚುಕ್ಕೆಗಳ ಒಂದು ಚಿತ್ರ. ಒಂದೊಂದು ಚುಕ್ಕೆಯೂ ಒಂದೊಂದು ಆಡಿನ ಹೊಟ್ಟೆ. ಹೊಟ್ಟೆಯೊಳಗಿನ ಜೀವಿಗಳು ಒಂದೇ ಥರ ಇದ್ದರೆ ಚುಕ್ಕೆಗಳು ಹತ್ತಿರ ಕೂರುತ್ತವೆ, ಬೇರೆಯಾದರೆ ದೂರ.

ಎರಡು ಊರಿಗೆ ಎರಡು ಗುಂಪು ಇರಬೇಕಿತ್ತು. ಇದ್ದದ್ದು ಒಂದೇ ಗುಂಪು. ಸಂತೆಯ ಬೆಲ್ಲಕ್ಕೆ ಮುತ್ತಿದ ಇರುವೆಗಳ ಹಾಗೆ ಎಲ್ಲ ಒತ್ತಟ್ಟಿಗೆ ಬಿದ್ದಿದ್ದವು. ದೂರದಲ್ಲಿ ಒಂದೇ ಒಂದು ಒಂಟಿ ಚುಕ್ಕೆ.

"ಎರಡು ಊರಿನ ಆಡುಗಳು ಎಂದಾದರೂ ಸೇರುತ್ತವೆಯೆ?" ಆನಿಕಾ ಕೇಳಿದರು.

"ಇಲ್ಲ. ಮನೆಮನೆಯಲ್ಲೂ ಕೇಳಿದ್ದೇನೆ. ಅಬ್ಬಿಗೇರಿಯ ಆಡುಗಳು ಓಣಿ ದಾಟುವುದೇ ಇಲ್ಲ."

"ಹಾಗಾದರೆ ಇದು ಹೇಗೆ ಸಾಧ್ಯ?" ಅವರ ದನಿ ಇನ್ನೂ ಮೆತ್ತಗಾಯಿತು. "ಕೆಲವೊಮ್ಮೆ ಹಳ್ಳಿಯ ಕೆಲಸ ಬಹಳ ಕಷ್ಟ. ಬಿಸಿಲು, ದೂರ. ಒಂದೇ ಮನೆಯಲ್ಲಿ ಕೂತು ಎಲ್ಲ ಕೊಳವೆ ತುಂಬಿಬಿಡೋಣ ಎನ್ನಿಸಬಹುದು. ಅದು ನನಗೆ ಅರ್ಥವಾಗುತ್ತದೆ."

ನಮ್ಮಲ್ಲಿ ಯಾರನ್ನಾದರೂ ಕಳ್ಳಿ ಎನ್ನಬೇಕಾದರೆ ದನಿ ಏರುತ್ತದೆ. ಅಲ್ಲಿ ಇಳಿಯುತ್ತದೆ. ಅರ್ಥವಾಗಲು ನನಗೆ ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಮೈಯೆಲ್ಲ ಉರಿಯಿತು. ಬಿಸಿಲಿನಲ್ಲಿ ತಿರುಗಿದ ನನ್ನ ಕಾಲು, ಆಡು ಕಚ್ಚಿದ ನನ್ನ ಬೆರಳು, ಎಲ್ಲ ಸುಳ್ಳು ಎಂದಾಯಿತಲ್ಲ. ಅವರ ಅನುಮಾನದಲ್ಲಿ ತರ್ಕವಿತ್ತು, ನಾನು ಅವರ ಜಾಗದಲ್ಲಿದ್ದರೆ ಅದನ್ನೇ ಕೇಳುತ್ತಿದ್ದೆ. ಆದರೆ ನಾನು ಅವರ ಜಾಗದಲ್ಲಿರಲಿಲ್ಲ.

ಮುಂದಿನ ವಾರದ ಸಭೆಯಲ್ಲಿ ನಾನು ಇದಕ್ಕೆ ವಿವರಣೆ ಕೊಡದಿದ್ದರೆ ಕೊಳವೆಗಳನ್ನು ಫ್ರೀಜರಿನಿಂದ ತೆಗೆದು ಸುಟ್ಟುಹಾಕುತ್ತಾರೆ, ಕಾರಣವನ್ನು ನಮ್ಮ ಪಶುವೈದ್ಯ ಕಾಲೇಜಿಗೂ ತಿಳಿಸುತ್ತಾರೆ ಎಂದಾಯಿತು. ಕೊಳವೆಯ ಜೊತೆ ನನ್ನ ಹೆಸರೂ ಬೂದಿ. ಲಕ್ಕಲಕಟ್ಟಿ, ಅಬ್ಬಿಗೇರಿಯ ಮರಿಗಳು ಏಕೆ ಸಾಯುತ್ತವೆ ಎಂಬ ಪ್ರಶ್ನೆಯೂ ಅದರೊಂದಿಗೆ ಬೂದಿ.

"ಒಂದು ಕೊಳವೆಯನ್ನೂ ಮುಟ್ಟಬೇಡಿ. ನಾನು ಹೇಳಿದ್ದು ನಿಜ. ಹೇಗೆ ನಿಜ ಎನ್ನುವುದು ಇನ್ನೂ ಗೊತ್ತಿಲ್ಲ, ಅಷ್ಟೆ" ಎಂದೆ. ವಿಜ್ಞಾನದಲ್ಲಿ ಇದು ಉತ್ತರವೇ ಅಲ್ಲ. ನನಗೆ ಚೆನ್ನಾಗಿ ಗೊತ್ತಿದ್ದೂ ಹೇಳಿದೆ.

ಕಿಟಕಿ ಇದ್ದ ಹಸು

ಮರುದಿನ ಪ್ರಯೋಗಾಲಯದಲ್ಲಿ ಎಲ್ಲರೂ ನನಗೆ ಮಾಮೂಲಿಗಿಂತ ಹೆಚ್ಚು ಮರ್ಯಾದೆ ಕೊಡತೊಡಗಿದರು. ಬಾಗಿಲು ಹಿಡಿದು ನಿಲ್ಲುವುದು, ಸುರುಳಿ ರೊಟ್ಟಿ ಮೊದಲು ನನ್ನ ಮುಂದೆ ಇಡುವುದು. ಆ ಮರ್ಯಾದೆ ತಡೆಯಲಾರದೆ ನಾನು ವಿಶ್ವವಿದ್ಯಾಲಯದ ಕೊಟ್ಟಿಗೆಗೆ ಹೊರಟುಹೋದೆ.

ಕೊಟ್ಟಿಗೆ ನೋಡಿಕೊಳ್ಳುವವನು ಬೆಂಗ್ಟ್, ನಿವೃತ್ತಿಯ ಅಂಚಿನಲ್ಲಿದ್ದ ದಪ್ಪ ಮನುಷ್ಯ. ಮಾತು ಕಡಿಮೆ, ಹಸುಗಳ ಜೊತೆ ಮಾತ್ರ ಏನೋ ಗುನುಗುತ್ತಿದ್ದ. ಅಲ್ಲಿ ರೋಸಾ ಎಂಬ ಹಸುವಿತ್ತು. ಅದರ ಪಕ್ಕೆಯಲ್ಲಿ ಒಂದು ದುಂಡನೆಯ ಕಿಟಕಿ, ಅದಕ್ಕೆ ರಬ್ಬರಿನ ಮುಚ್ಚಳ. ಆ ಮುಚ್ಚಳ ತೆಗೆದರೆ ನೇರ ಹೊಟ್ಟೆ. ಹಸುವಿಗೆ ಇದರಿಂದ ತೊಂದರೆ ಇಲ್ಲ, ಶಸ್ತ್ರಚಿಕಿತ್ಸೆ ಮಾಡಿ ಗಾಯ ಮಾಯಿಸಿದ ದಾರಿ ಅದು. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಅದೇ ಮೊದಲು.

ಬೆಂಗ್ಟ್ ಉದ್ದನೆಯ ಗವಸು ಹಾಕಿ ಭುಜದವರೆಗೆ ತೋಳು ಇಳಿಸಿದ. ಒಳಗಿನಿಂದ ಹಸಿರು ಗುಜ್ಜನ್ನು ಮೊಗೆದು ಬಟ್ಟೆಯಲ್ಲಿ ಹಿಂಡಿದ. ಪಕ್ಕದಲ್ಲಿ ಮೇವು ಬಿಟ್ಟು ತಲೆ ತಗ್ಗಿಸಿ ನಿಂತ ಇನ್ನೊಂದು ಹಸುವಿಗೆ ಕೊಳವೆ ಹಾಕಿ ಆ ರಸವನ್ನು ಕುಡಿಸಿದ. ಆರೋಗ್ಯವಂತ ಹೊಟ್ಟೆಯ ಜೀವಿಗಳು ಕೆಟ್ಟ ಹೊಟ್ಟೆಗೆ ಹೋಗಿ ಸಂಸಾರ ಹೂಡುತ್ತವೆ, ಹಸು ಮತ್ತೆ ಮೆಲುಕು ಹಾಕುತ್ತದೆ.

"ನನ್ನ ಅಜ್ಜಿಯ ಕಾಲದಲ್ಲಿ ಕಿಟಕಿ ಇರಲಿಲ್ಲ. ಪಕ್ಕದ ಮನೆಯ ಹಸುವಿನ ಬಾಯಿಂದ ಅದು ಅಗಿಯುತ್ತಿದ್ದ ಮೆಲುಕಿನ ಉಂಡೆ ಕಿತ್ತುಕೊಂಡು ಬರುತ್ತಿದ್ದಳು. ಯಾರೂ ನೋಡದ ಹಾಗೆ. ಅದು ಕಳ್ಳತನ ಅಂತಲೇ ಲೆಕ್ಕ" ಎಂದ ಬೆಂಗ್ಟ್. ನಾನು ಅಲ್ಲಿದ್ದಷ್ಟು ದಿನದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು.

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ನಮ್ಮಲ್ಲಿ ಇದು ಕಳ್ಳತನವಲ್ಲ, ಮೊಸರಿಗೆ ಹೆಪ್ಪು ಕೇಳಿದ ಹಾಗೆ ಕೇಳಿ ಪಡೆಯುತ್ತಾರೆ. ಒಂದು ಆಡು ಮೆಲುಕು ಬಿಟ್ಟರೆ ಇನ್ನೊಂದರ ಬಾಯಿಗೆ ಬೆರಳು ಹಾಕಿ ಮೆಲುಕು ತೆಗೆದು ಇದರ ಬಾಯಿಗಿಡುವುದು. ಚಿಕ್ಕವಳಿದ್ದಾಗ ಕೇಳಿದ್ದೆ. ಈಗ ಯಾರು ಮಾಡುತ್ತಾರೆ, ಮೂಲೆ ಮೂಲೆಗೂ ಔಷಧಿ ಅಂಗಡಿ ಬಂದಿವೆ ಎಂದುಕೊಂಡಿದ್ದೆ. ನಗು ಅರ್ಧಕ್ಕೇ ನಿಂತಿತು. ಯಾರೂ ಮಾಡುವುದಿಲ್ಲ ಎಂದು ನನಗೆ ಹೇಳಿದವರಾದರೂ ಯಾರು? ನಾನು ಕೇಳಿಯೇ ಇರಲಿಲ್ಲ.

ಕೊಟ್ಟಿಗೆಯ ಅಂಗಳ

ಅಲ್ಲಿ ಬೆಳಗಿನ ಕಾಫಿಯ ಹೊತ್ತು, ಲಕ್ಕಲಕಟ್ಟಿಯಲ್ಲಿ ಊಟದ ಹೊತ್ತು. ಕೊಟ್ಟಿಗೆಯ ಅಂಗಳದಲ್ಲೇ ನಿಂತು ಸಾವಕ್ಕನಿಗೆ ಫೋನು ಮಾಡಿದೆ. ಸಾವಕ್ಕ ಐವತ್ತು ದಾಟಿದ ಹೆಂಗಸು. ಹೊಲಗೂಲಿಗೆ ಹೋಗುತ್ತಾಳೆ, ಹಿಂಡಿನಷ್ಟು ಆಡು ಸಾಕಿದ್ದಾಳೆ, ಇಡೀ ಓಣಿಗೆ ಕೇಳುವ ದನಿ. ಕೊಳವೆ ತುಂಬುವಾಗ ನನಗೆ ಅತಿ ಹೆಚ್ಚು ಬೈದವಳೂ ಅವಳೇ, ಅತಿ ಹೆಚ್ಚು ಉಣ್ಣಿಸಿದವಳೂ ಅವಳೇ. ಅವಳ ಮಗಳು ರೇಣವ್ವನನ್ನು ಅಬ್ಬಿಗೇರಿಗೆ ಕೊಟ್ಟಿದೆ.

"ಸಾವಕ್ಕಾ, ನೀವು ಯಾರಿಗರ ಮೆಲಕ ಕೊಡ್ತೀರೇನ್ರಿ?"

"ಅಯ್ಯ, ಕೊಡ್ತೀನ್ರಿ. ಮೆಲಕ ಬಿಟ್ಟ ಆಡಿಗೆ ಮೆಲಕ ಕೊಡದ ಮತ್ತೇನು ಮಿರ್ಚಿ ಭಜಿ ಕೊಡಬೇಕೇನು? ನಮ್ಮ ಗೌರಿ ಹುಟ್ಟಿದಾಗಿಂದ ಒಂದ್ ದಿನ ಬ್ಯಾನಿ ಬಿದ್ದಿಲ್ಲ. ಊರಾಗ ಎಲ್ಲಾರೂ ಅದರದಽ ಇಸಗೊಂಡು ಹೋಗ್ತಾರ."

ಗೌರಿ ಅವಳ ಮುದಿ ಆಡು. ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ.

"ಅಬ್ಬಿಗೇರಿಗೂ?"

"ರೇಣಿ ಫೋನ್ ಮಾಡಿದ್ರ ಒಯ್ತೀನ್ರಿ. ಹಸಿ ಅರಬ್ಯಾಗ ಸುತ್ತಿ, ಸ್ಟೀಲ್ ಡಬ್ಬ್ಯಾಗ ಹಾಕಿ, ಸೆರಗಿನಾಗ ಬೆಚ್ಚಗ ಇಟಗೊಂಡು ಗದಗ ಬಸ್ ಹತ್ತತೀನಿ. ಒಮ್ಮೆ ಕಂಡಕ್ಟರ್ ಏನ್ ಅಡಗಿ ಯವ್ವಾ ಅಂತ ಕೇಳಿದ. ತಗದು ತೋರಿಸಿದೆ. ಆವತ್ತಿಂದ ಏನೂ ಕೇಳಂಗಿಲ್ಲ." ಅವಳು ನಕ್ಕಳು. "ಮುಂದ ರೇಣಿ ಆಡಿನ ಮೆಲಕ ಅವರ ಓಣ್ಯಾಗಿನವರು ಒಯ್ತಾರ."

"ಯವ್ವಾ ಸಾವಕ್ಕಾ, ಇದನ್ನ ನನಗ ಮೊದಲಽ ಯಾಕ ಹೇಳಲಿಲ್ರಿ?"

"ನೀವು ಕೇಳಿದ್ದೇನು? ನಿನ್ನ ಆಡು ಬ್ಯಾರೆ ಊರಿನ ಆಡಿನ ಕೂಡ ಸೇರತೈತೇನು ಅಂದ್ರಿ. ನಮ್ಮ ಗೌರಿ ಊರ ಬಿಟ್ಟು ಎಲ್ಲಿ ಹೋಗೈತ್ರಿ? ಬಸ್ ಹತ್ತಾಕಿ ನಾನು."

ಅವಳು ಸುಳ್ಳು ಹೇಳಿರಲಿಲ್ಲ, ಅಬ್ಬಿಗೇರಿಯವರೂ ಹೇಳಿರಲಿಲ್ಲ. ಆಡುಗಳು ಸೇರಿರಲಿಲ್ಲ, ಹೊಟ್ಟೆಗಳು ಸೇರಿದ್ದವು. ಉಪ್ಪು ಹಾಕಿ ಅಡುಗೆ ಮಾಡುತ್ತೀರಾ ಎಂದು ಯಾರನ್ನೂ ಕೇಳುವುದಿಲ್ಲವಲ್ಲ, ಹಾಗೆ ಅವರಿಗೆ ಇದು ಹೇಳಬೇಕಾದ ಸಂಗತಿಯೇ ಆಗಿರಲಿಲ್ಲ. ನಾನು ಅಂಗಳದಲ್ಲಿ ಒಬ್ಬಳೇ ಕುಣಿದೆ. ಬೆಂಗ್ಟ್ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಒಳಗೆ ಹೋದ.

ಕುಣಿತ ಮುಗಿದ ಮೇಲೆ ಇನ್ನೊಂದು ಯೋಚನೆ ಬಂತು. ಇಷ್ಟನ್ನೇ ಹೋಗಿ ಹೇಳಿದರೆ ಚೆಂದದ ಕತೆ ಕಟ್ಟಿದಳು ಎನ್ನುತ್ತಾರೆ. ಆಗ ಆ ಒಂಟಿ ಚುಕ್ಕೆ ನೆನಪಾಯಿತು. ಯಾವ ಮನೆಯವರು ಮೆಲುಕು ತೆಗೆದುಕೊಂಡಿಲ್ಲ ಎಂದು ಕೇಳುವ ಮಾತು ನಾಲಿಗೆ ತುದಿಗೆ ಬಂದಿತ್ತು. ಕೇಳಲಿಲ್ಲ. ಕೇಳಿದರೆ ನಾನೇ ಹೇಳಿಕೊಟ್ಟೆ ಎಂದಾಗುತ್ತದೆ. ಆ ಪ್ರಶ್ನೆಯನ್ನು ಅವರ ಕೋಣೆಯಲ್ಲಿ, ಅವರ ಕಿವಿಯ ಮುಂದೆಯೇ ಕೇಳಬೇಕೆಂದು ಹಟ ಹಿಡಿದೆ. ಸಾವಕ್ಕನಿಗೆ ಸಭೆಯ ದಿನ ವಿಡಿಯೋ ಫೋನು ಮಾಡುತ್ತೇನೆ ಎಂದಷ್ಟೇ ಹೇಳಿದೆ.

ಮತ್ತೆ ಅದೇ ಕೋಣೆ

ಅವತ್ತು ನಾನು ಇಳಕಲ್ ಸೀರೆ ಉಟ್ಟು ಹೋದೆ. ಅಲ್ಲಿಯ ಚಳಿಗೆ ಅದು ಏನೇನೂ ಸಾಲದು. ಆದರೂ ಉಟ್ಟೆ.

ಕೊಳವೆಗಳು ಅಲ್ಲಿಗೆ ಬಂದ ಕೂಡಲೇ ಅವರು ಹೊಸ ಸಂಖ್ಯೆ ಹಾಕಿದ್ದರು. ಯಾವ ಸಂಖ್ಯೆ ಯಾವ ಮನೆ ಎನ್ನುವುದು ಆನಿಕಾರ ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಆ ಒಂಟಿ ಚುಕ್ಕೆ ಯಾರ ಆಡು ಎಂದು ನನಗೂ ತಿಳಿಯದು. ಇದನ್ನು ಎಲ್ಲರೆದುರು ಆನಿಕಾರ ಬಾಯಿಂದಲೇ ಹೇಳಿಸಿದೆ. ಆಮೇಲೆ ಮೆಲುಕಿನ, ಬಸ್ಸಿನ ಕತೆ ಹೇಳಿ, "ನನ್ನ ಮಾತು ನಂಬಬೇಡಿ. ಕೊಟ್ಟವಳನ್ನೇ ಕೇಳಿ" ಎಂದು ಫೋನು ಹಚ್ಚಿದೆ.

ಗೋಡೆಯ ತುಂಬ ಸಾವಕ್ಕನ ಮುಖ ಬಂತು. ಹಿಂದೆ ಗೂಟ, ಗೂಟದ ಹತ್ತಿರ ಗೌರಿಯ ಅರ್ಧ ಕೊಂಬು. ಸಾವಕ್ಕ ಎಲ್ಲರನ್ನೂ ಒಮ್ಮೆ ದಿಟ್ಟಿಸಿದಳು.

"ಇವರಽ ಏನ್ರಿ ದೊಡ್ಡ ಮಂದಿ? ಎಲ್ಲಾರೂ ಹಿಂಗ್ಯಾಕ ಸಪ್ಪಗ ಕುಂತಾರ? ಯಾರರ ತೀರಕೊಂಡಾರೇನು?"

ನಾನು ತರ್ಜುಮೆ ಮಾಡಲಿಲ್ಲ. ನಾನು ಉಳಿಸಿಟ್ಟಿದ್ದ ಪ್ರಶ್ನೆಯನ್ನು ಆನಿಕಾ ತಾವೇ ಕೇಳಿದರು, ಅದನ್ನು ಮಾತ್ರ ಅವಳಿಗೆ ದಾಟಿಸಿದೆ. ನಾನು ಹಿಕ್ಕೆ ಒಯ್ದ ಮನೆಗಳಲ್ಲಿ ಗೌರಿಯ ಮೆಲುಕು ಹೋಗದ ಮನೆ ಯಾವುದಾದರೂ ಇದೆಯೇ?

ಸಾವಕ್ಕನ ಹುಬ್ಬು ಗಂಟಿಕ್ಕಿತು. "ಐತ್ರಿ ಒಂದು. ನನ್ನ ಬೀಗತಿ ನಿಂಗವ್ವಂದು! ರೇಣಿ ಅತ್ತಿ. ಅದಽ ಓಣ್ಯಾಗ ಹಿರೇ ಮಗನ ಕೂಡ ಬ್ಯಾರೆ ಇರತಾಳ. ನನ್ನ ಮಗಳ ಲಗ್ನದಾಗ ಹೋಳಿಗಿ ದಪ್ಪ ಆಗ್ಯಾವ ಅಂತ ನಾಕ್ ಮಂದ್ಯಾಗ ಆಡಿದಾಕಿ. ಆಕಿ ಆಡು ಸತ್ತು ಬಿದ್ರೂ ನನ್ನ ಕೈಯಾಗಿಂದು ಇಸಗೊಳ್ಳೂದಿಲ್ಲಂತ. ನಾನೂ ಕೊಡಾಕಿ ಅಲ್ಲ. ಅದನ್ನ ಆ ಬಿಳೇ ಕೂದಲದಾಕಿಗೆ ಹೇಳ್ರಿ!"

ನಿಂಗವ್ವ, ಅಬ್ಬಿಗೇರಿ ಎಂದಷ್ಟೇ ಹೇಳಿದೆ. ಆನಿಕಾ ಕಂಪ್ಯೂಟರಿನಲ್ಲಿ ಏನೋ ಒತ್ತಿದರು. ಒಂಟಿ ಚುಕ್ಕೆಯ ಪಕ್ಕದಲ್ಲಿ ಹೆಸರು ಮೂಡಿತು. ಅಬ್ಬಿಗೇರಿ. ನಿಂಗವ್ವ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆನಿಕಾ ಎದ್ದು ನಿಂತರು. "ನಾನು ತಪ್ಪು ಮಾಡಿದೆ. ಈ ಕೋಣೆಯಲ್ಲಿ ಹೇಳಿದ ಮಾತನ್ನು ಈ ಕೋಣೆಯಲ್ಲೇ ಹಿಂದೆ ತೆಗೆದುಕೊಳ್ಳುತ್ತೇನೆ" ಎಂದರು. ಕ್ಷಮೆ ಕೇಳುವಾಗ ಅವರ ದನಿ ಇಳಿಯಲಿಲ್ಲ. ಆ ಕಾರಣಕ್ಕೆ ನನಗೆ ಅವರ ಮೇಲೆ ಮತ್ತೆ ಗೌರವ ಬಂತು. ಫೋನು ಇಟ್ಟ ಮೇಲೆ ನಾನು ಅಳುತ್ತಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

ಆದರೆ ಕತೆ ಅಲ್ಲಿಗೆ ಮುಗಿಯುವಂತಿರಲಿಲ್ಲ. ಕೊಳವೆಗಳು ನಿಜವೆಂದಾದರೆ ಕೊಳವೆಗಳಲ್ಲಿ ಸಿಕ್ಕಿದ್ದೂ ನಿಜ. ಮರಿಗಳಿಗೆ ಭೇದಿ ತರುವ ರೋಗಾಣು ಗೌರಿಯ ಬಾಯಲ್ಲೂ ಹೊಟ್ಟೆಯಲ್ಲೂ ಇತ್ತು. ದೊಡ್ಡ ಆಡಿಗೆ ಅದರಿಂದ ಏನೂ ಆಗುವುದಿಲ್ಲ, ಸುಮ್ಮನೆ ಹೊತ್ತು ತಿರುಗುತ್ತದೆ. ಮರಿಗೆ ತಗುಲಿದರೆ ಜೀವ ಹೋಗುತ್ತದೆ. ಭೇದಿಯಿಂದ ಸತ್ತ ರೇಣವ್ವನ ಮರಿಗಳ ಹಿಕ್ಕೆಯ ಕೊಳವೆಗಳಲ್ಲೂ ಇದ್ದದ್ದು ಇದೇ. ಬಸ್ಸು ಹತ್ತಿ ಹೋದದ್ದು ಮೆಲುಕು ಒಂದೇ ಅಲ್ಲ.

ಆನಿಕಾ ವರದಿಗೆ ಒಂದು ಸಾಲು ಹೇಳಿದರು: ಹಳ್ಳಿಗರ ಅನಾರೋಗ್ಯಕರ ಪದ್ಧತಿಯೇ ಕಾರಣ, ಅದನ್ನು ನಿಲ್ಲಿಸಬೇಕು.

"ಆ ಸಾಲಿಗೆ ನನ್ನ ಒಪ್ಪಿಗೆ ಇಲ್ಲ. ನಿಮ್ಮ ಕೊಟ್ಟಿಗೆಯಲ್ಲಿ ಬೆಂಗ್ಟ್ ಮಾಡಿದರೆ ಚಿಕಿತ್ಸೆ, ಸಾವಕ್ಕ ಮಾಡಿದರೆ ಅನಾರೋಗ್ಯಕರವೆ? ರೋಸಾಳನ್ನು ಪರೀಕ್ಷೆ ಮಾಡಿ ಕಿಟಕಿ ಇಟ್ಟಿದ್ದೀರಿ. ಗೌರಿಯನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ವ್ಯತ್ಯಾಸ ಅಷ್ಟೇ. ನಿಲ್ಲಿಸಿ ಎಂದು ಬರೆಯುವುದು ಸುಲಭ. ನಾಳೆ ಮೆಲುಕು ಬಿಟ್ಟ ಆಡಿಗೆ ಏನು ಕೊಡಬೇಕು ಎನ್ನುವುದನ್ನೂ ನೀವೇ ಬರೆಯಿರಿ."

ಅದು ಈ ಯೋಜನೆಯಲ್ಲಿ ಇಲ್ಲವಲ್ಲ ಎಂದರು ಒಬ್ಬರು. ಯೋಜನೆಯಲ್ಲಿ ನನ್ನನ್ನು ಕಳ್ಳಿ ಎನ್ನುವುದೂ ಇರಲಿಲ್ಲ ಎಂದೆ. ಆನಿಕಾ ಆ ಸಾಲನ್ನು ಹೊಡೆದುಹಾಕಿದರು.

ಉಳಿದ ದಿನಗಳಲ್ಲಿ ನನಗೆ ಅರಮನೆ, ಸರೋವರ ತೋರಿಸುವುದಾಗಿ ಹೇಳಿದ್ದರು. ಹೋಗಲಿಲ್ಲ. ರೋಸಾಳಿಗೆ ಏನೇನು ಪರೀಕ್ಷೆ ಮಾಡುತ್ತಾರೋ ಅವನ್ನೆಲ್ಲ ನಿಂಗವ್ವನ ಆಡಿನ ಕೊಳವೆಗಳಿಗೆ ಮಾಡಿದೆ. ಆನಿಕಾ ತಾವೂ ಬಿಳಿ ಕೋಟು ಹಾಕಿ ಪಕ್ಕದಲ್ಲಿ ಕೂತರು. ಒಂದೊಂದೇ ಫಲಿತಾಂಶ ಬಂತು. ಯಾವ ರೋಗವೂ ಇರಲಿಲ್ಲ. ದಪ್ಪ ಹೋಳಿಗೆಯ ಜಗಳದಿಂದ ಒಂದು ಆಡು ಉಳಿದುಕೊಂಡಿತ್ತು.

ಲಕ್ಕಲಕಟ್ಟಿ

ಈ ವಿಷಯ ಫೋನಿನಲ್ಲಿ ಹೇಳುವಂಥದ್ದಲ್ಲ. ಊರಿಗೆ ಬಂದ ಮೇಲೆ ಗೌರಿಯ ಬಾಯನ್ನು ಮತ್ತೊಮ್ಮೆ ಪರೀಕ್ಷಿಸಿದೆ. ನಿಂಗವ್ವ ತನ್ನ ಆಡನ್ನು ಮುಟ್ಟಲು ನನಗೆ ಸಲೀಸಾಗಿ ಬಿಡಲಿಲ್ಲ, ಆದರೂ ಅದನ್ನೂ ಪರೀಕ್ಷಿಸಿದೆ. ಫಲಿತಾಂಶ ಬದಲಾಗಲಿಲ್ಲ. ಆಮೇಲೆ ಲಕ್ಕಲಕಟ್ಟಿಗೆ ಹೋದೆ. ಸಾವಕ್ಕ ನನ್ನನ್ನು ಕಂಡವಳೇ ಜೋರಾಗಿ ನಕ್ಕಳು. "ಬರ್ರಿ ಡಾಕ್ಟರವ್ವ, ಗೆದ್ದು ಬಂದ್ರಂತಲ್ಲ! ನಮ್ಮ ಗೌರಿ ಗೆಲ್ಲಿಸಿತು ನೋಡ್ರಿ."

ಗೆದ್ದ ಸಂತೋಷ ಬಾಯಿಯಲ್ಲಿ ಕಹಿಯಾಯಿತು. ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಸುತ್ತಿ ಬಳಸಲಿಲ್ಲ.

"ಸುಳ್ಳು! ನಮ್ಮ ಗೌರಿಗೆ ಒಮ್ಮಿನೂ ಭೇದಿ ಆಗಿಲ್ಲ" ಎಂದು ಸಾವಕ್ಕ ಎದ್ದು ನಿಂತಳು.

"ಅದಕ್ಕ ಆಗಂಗಿಲ್ರಿ. ಹೊತ್ತಕೊಂಡು ಇರತೈತಿ. ಮರಿಗೆ ಹತ್ತತೈತಿ."

"ರೇಣಿ ಮರಿಗಳು..." ಅವಳ ಮಾತು ಅರ್ಧಕ್ಕೆ ನಿಂತಿತು. ಕೂತಳು. ತನ್ನ ಬಲಗೈ ಬೆರಳುಗಳನ್ನು ನೋಡಿಕೊಂಡಳು. ಕೊಟ್ಟವಳ ತಪ್ಪು ಇದರಲ್ಲಿ ಏನೂ ಇಲ್ಲ ಎನ್ನುವುದು ನಿಜ, ಮರಿಗಳು ಸತ್ತದ್ದೂ ನಿಜ.

ಅಷ್ಟರಲ್ಲಿ ಹಿಂದಿನ ಓಣಿಯ ಹೆಂಗಸೊಬ್ಬಳು ಬಂದಳು. ಅವಳ ಆಡು ಬೆಳಗಿನಿಂದ ಮೆಲುಕು ಬಿಟ್ಟಿತ್ತು, ಮನೆಯಲ್ಲಿ ಎಳೆ ಮರಿಗಳೂ ಇದ್ದವು. "ಯಕ್ಕಾ, ಒಂಚೂರ ಗೌರಿದು ಕೊಡ" ಎಂದು ಸಲೀಸಾಗಿ ಗೂಟದ ಕಡೆಗೆ ನಡೆದಳು.

"ಮುಟ್ಟಬ್ಯಾಡ!" ಸಾವಕ್ಕನ ದನಿಗೆ ಆಡುಗಳೆಲ್ಲ ಬೆದರಿದವು. "ಇನ್ನ ಮ್ಯಾಲೆ ನನ್ನ ಆಡಿಂದು ಯಾರಿಗೂ ಇಲ್ಲ. ರೋಗ ಐತಿ ಅದಕ್ಕ. ಊರಿಗೆಲ್ಲ ಹೇಳು, ಸಾವಕ್ಕಽ ಹೇಳಿದ್ಲು ಅಂತ ಹೇಳು."

ಆ ಹೆಂಗಸು ಕಣ್ಣು ಪಿಳಿಪಿಳಿ ಬಿಟ್ಟಳು. "ಕೊಡಾಕ ಮನಸಿಲ್ಲಂದ್ರ ಇಲ್ಲ ಅನ್ನಬೇಕಿತ್ತು" ಎಂದು ಮುಖ ತಿರುಗಿಸಿಕೊಂಡು ಹೊರಟಳು. ಸಾವಕ್ಕ ಅವಳನ್ನು ತಡೆದು ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಡಾಕ್ಟರವ್ವ, ಅಷ್ಟು ದೂರ ಹೋಗಿ ಬಂದೀರಿ. ಬ್ಯಾಡ ಅಂತ ಹೇಳೂದಽ ಕಲತು ಬಂದ್ರೋ, ಏನರ ದಾರಿ ತಂದೀರೋ? ಇಕೀ ಆಡಿಗೆ ಈಗ ಯಾರ ಮೆಲಕ ಕೊಡೋಣು?"

ಇದಕ್ಕೆ ಉತ್ತರ ನನ್ನ ಹತ್ತಿರವಿತ್ತು. ಹೆಸರು ಹೇಳದೆ ಶುರು ಮಾಡಿದೆ. "ಒಂದು ಆಡು ಐತ್ರಿ. ಏನೂ ರೋಗ ಇಲ್ಲ. ಎರಡೆರಡು ಸಲ ನೋಡೀನಿ."

"ಯಾರದು?"

"ಅಬ್ಬಿಗೇರಿ ನಿಂಗವ್ವಂದು."

ಸಾವಕ್ಕ ನನ್ನನ್ನೇ ನೋಡಿದಳು. ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡಳು. ಹಿಂದಿನ ಓಣಿಯ ಹೆಂಗಸಿಗೂ ಆ ಜಗಳ ಗೊತ್ತಿತ್ತು, ಅವಳು ನೆಲ ನೋಡುತ್ತ ನಿಂತಳು. ನಾನು ಬೇಕಾದರೆ ಒಬ್ಬಳೇ ಹೋಗಿ ಕೇಳಿ ತರುತ್ತೇನೆ ಎಂದೆ. ಸಾವಕ್ಕ ಒಳಗೆ ಹೋಗಿ ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ಒಗೆದ ಸೀರೆ ಉಟ್ಟು ಬಂದಳು.

"ನೀವ್ಯಾಕ ಕೇಳತೀರಿ? ನಾನಽ ಕೇಳತೀನಿ. ಹೆತ್ತ ಮಗಳನ್ನಽ ಕೊಟ್ಟೀನಿ ಆ ಮನಿಗೆ. ಒಂದ್ ಹಿಡಿ ಮೆಲಕ ಬೇಡಾಕ ನನಗ್ಯಾತರ ನಾಚಿಕಿ? ನಡೀರಿ."